ಅಜ್ಜಿಗೊಂದು ಹೊಸ ಸೂರ್ಯ

ನಮ್ಮ ಮನೆಯಲ್ಲಿ ಯಾವ ಕಾರ್ಯವೂ ನೆಟ್ಟಗೆ ಆಗಿದ್ದು ನಾನು ಕಂಡಿಲ್ಲ. ಗೃಹಪ್ರವೇಶದ ದಿನ ಬೀಗದ ಕೈ ಸಿಗದೆ ಪುರೋಹಿತರು ಕಿಟಕಿಯಿಂದ ಗೃಹಪ್ರವೇಶ ಮಾಡಿದ್ದರು. ಚಿಕ್ಕಪ್ಪನ ಮದುವೆಯಲ್ಲಿ ನಾವೆಲ್ಲ ಪಕ್ಕದ ಛತ್ರಕ್ಕೆ ನುಗ್ಗಿ, ಊಟ ಮುಗಿಸಿ, ಪಾಯಸ ಇನ್ನೊಂದು ಸಲ ಹಾಕಿಸಿಕೊಂಡ ಮೇಲೆ ಹೆಣ್ಣು ಬೇರೆ ಅಂತ ಗೊತ್ತಾಗಿತ್ತು. ಹಾಗಾಗಿ ಅಜ್ಜಿ ತೀರಿಕೊಂಡಾಗ, ಇದೊಂದಾದರೂ ಸುಮ್ಮನೆ ಅತ್ತು ಮುಗಿಯುತ್ತೆ ಅಂತ ನಾನು ಅಂದುಕೊಳ್ಳಲೇ ಇಲ್ಲ.

ನಮ್ಮದು ಹೊಸಕೆರೆಹಳ್ಳಿ. ಹನ್ನೊಂದನೇ ದಿನ ತಿಥಿ. ಅವತ್ತು ಬೆಳಿಗ್ಗೆ ಕ್ರಾಸಿನಲ್ಲಿ ಅಜ್ಜಿಯ ಶ್ರದ್ಧಾಂಜಲಿ ಫ್ಲೆಕ್ಸ್ ನಿಂತಿರಬೇಕು. ನಮ್ಮ ಕಡೆ ಫ್ಲೆಕ್ಸ್ ನಿಲ್ಲದಿದ್ದರೆ ಸತ್ತಿದ್ದನ್ನ ಯಾರೂ ನಂಬಲ್ಲ. ಅಪ್ಪ ಕರ್ಮ ಮಾಡುವುದರಲ್ಲಿದ್ದ, ಅಮ್ಮ ಬಂದವರ ಜೊತೆ ಅಳುವುದರಲ್ಲಿದ್ದಳು. ಹತ್ತನೇ ಕ್ಲಾಸು ಎರಡು ಸಲ ಬರೆದು ಎರಡು ಸಲವೂ ಬಿದ್ದು, ಮನೆಯಲ್ಲಿ ಖಾಲಿ ಕೂತಿದ್ದವನು ನಾನೊಬ್ಬನೇ. ಫ್ಲೆಕ್ಸ್ ನನ್ನ ತಲೆಗೆ ಬಿತ್ತು.

೧. ಮೊಣಕೈ

ಅಜ್ಜಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಫೋನ್ ಎತ್ತಿದರೆ ಸೆರಗು ಮುಖಕ್ಕೆ ಎಳೆದುಕೊಂಡು ಕೊಟ್ಟಿಗೆ ಕಡೆ ಓಡುತ್ತಿದ್ದಳು. ಅಪ್ಪನ ಮದುವೆ ಆಲ್ಬಮ್ ಪೂರ್ತಿ ತಿರುವಿದೆ. ಇಡೀ ಆಲ್ಬಮ್ಮಿನಲ್ಲಿ ಅಜ್ಜಿ ಇರುವುದು ಒಂದೇ ಫೋಟೋದಲ್ಲಿ. ಅದೂ ಪೂರ್ತಿ ಇಲ್ಲ, ಕಂಬದ ಹಿಂದಿನಿಂದ ಒಂದು ಮೊಣಕೈ. ಹಸು ಒದ್ದ ಗಾಯದ ಗುರುತಿತ್ತು, ಅದರಿಂದ ಗೊತ್ತಾಯಿತು.

ಬನಶಂಕರಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ದೋಸ್ತ್ ಡಿಸೈನ್ ಮಾಡುತ್ತಾನೆ. ವಿಜಯಪುರದ ಕಡೆಯವನು, ಬಿಟಿಎಂನಲ್ಲಿ ರೂಮು. ಅವನಿಗೆ ಫೋಟೋ ತೋರಿಸಿದೆ.

"ಏನಲೇ ಇದು?"

"ನಮ್ಮಜ್ಜಿ."

"ಮೊಣಕೈ ಐತಲ್ಲೋ."

"ನಮ್ಮಜ್ಜೀದೇ ಮೊಣಕೈ, ಮಗಾ."

"ಮೊಣಕೈಗೆ ಭಾವಪೂರ್ಣ ಶ್ರದ್ಧಾಂಜಲಿ ಹೆಂಗ ಹಾಕಲಿ? ಮಂದಿ ಏನ ತಿಳ್ಕೋತಾರ, ಕೈ ಅಷ್ಟ ಹೋಗೇತಿ ಅಂತಾರ."

ಕೊನೆಗೆ ಉಳಿದಿದ್ದು ಆಧಾರ್ ಕಾರ್ಡ್. ಅದರಲ್ಲಿ ಅಜ್ಜಿ, ಯಾರೋ ಹಸು ಕದ್ದಿದ್ದಾರೆ, ಅವರು ಕ್ಯಾಮೆರಾ ಒಳಗೇ ಕೂತಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದಳು. ಇದನ್ನ ದೊಡ್ಡದು ಮಾಡಿ ಕ್ರಾಸಿನಲ್ಲಿ ನಿಲ್ಲಿಸಿದರೆ ಸ್ಕೂಲ್ ಮಕ್ಕಳು ಆ ದಾರಿ ಬಿಡುತ್ತಾರೆ. ಹೆದರಿಕೊಂಡೇ ತಾತನ ಮುಂದೆ ಹಿಡಿದೆ. ತಾತ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದ.

"ಇದೇ ಇರ್ಲಿ," ಅಂದ. "ಐವತ್ತು ವರ್ಷ ನನ್ನನ್ನ ಇವಳು ನೋಡಿದ್ದು ಹಿಂಗೇಯ."

೨. ಹಾಲಿನವನ ಸೂರ್ಯ

ಮಾರನೇ ದಿನ ದೋಸ್ತ್ ಡಿಸೈನ್ ಫೋನಿನಲ್ಲಿ ಹಾಕಿಕೊಂಡು ಮನೆಗೇ ಬಂದ. ಮಧ್ಯದಲ್ಲಿ ಅಜ್ಜಿ, ಹಿಂದೆ ಎರಡು ಬೆಟ್ಟ, ಬೆಟ್ಟದ ಸಂದಿಯಿಂದ ಏಳುತ್ತಿರುವ ಸೂರ್ಯ. ಕಿರಣಗಳೆಲ್ಲ ಅಜ್ಜಿಯ ತಲೆಯಿಂದಲೇ ಹೊರಟ ಹಾಗಿತ್ತು. ನನಗೆ ಸಖತ್ ಅನ್ನಿಸಿತು.

ತಾತ ಅಜ್ಜಿಯನ್ನ ನೋಡಲೇ ಇಲ್ಲ. ಸೂರ್ಯನ ಮೇಲೆ ಬೆರಳಿಟ್ಟ. "ಇವನನ್ನ ಎಲ್ಲೋ ನೋಡಿವ್ನಿ."

"ಸೂರ್ಯ ತಾತ, ದಿನಾ ನೋಡ್ತೀಯ."

"ಮುಚ್ಚೋ ಬಾಯಿ. ಹೋದ ತಿಂಗಳು ಎದುರು ಕ್ರಾಸಲ್ಲಿ ಆ ಹಾಲಿನವನು ಸತ್ತನಲ್ಲ, ಅವನ ಹಿಂದೆ ಇದ್ದಿದ್ದು ಇವನೇಯ."

ದೋಸ್ತ್ ತಲೆ ಕೆರೆದುಕೊಂಡ. "ಖರೇ ಹೇಳ್ತೀನ್ರೀ ಅಜ್ಜಾರ. ನಮ್ಮ ಅಂಗಡ್ಯಾಗ ಇರೋದು ಒಂದ ಸೂರ್ಯ. ನಾ ಕೆಲಸಕ್ಕ ಸೇರೋಕಿಂತ ಮೊದಲಿಂದ ಅದಾನ. ಬರ್ತ್‌ಡೇಗೆ ಬಲೂನು, ಎಲೆಕ್ಷನ್‌ಗೆ ಸಿಂಹ, ಸತ್ತವರಿಗೆ ಸೂರ್ಯ. ಎಲ್ಲಾರಿಗೂ ಅವನ್ನ ಹಾಕೋದು."

ತಾತ ಎದ್ದು ನಿಂತ. ಮೊಣಕಾಲು ನೋವಿರುವ ಮನುಷ್ಯ ಅಷ್ಟು ಬೇಗ ಎದ್ದಿದ್ದು ಅವತ್ತೇ. "ಅವನು ನಲವತ್ತು ವರ್ಷ ಹಾಲಿಗೆ ನೀರು ಹುಯ್ದ. ನನ್ನ ಹೆಂಡ್ತಿ ನಾಕು ಹಸು ಸಾಕಿದ್ಲು, ಒಂದು ದಿನ ಒಂದು ಹನಿ ನೀರು ಹಾಕಿದವಳಲ್ಲ. ಇಬ್ರಿಗೂ ಒಂದೇ ಸೂರ್ಯನಾ? ಬೇರೆ ತಗೊಂಡು ಬಾ. ಬೆಟ್ಟದ ಮೇಲೆ ಹೋಗಿ ಹೊಸದಾಗಿ ತೆಗೆದಿರೋನು ಬೇಕು."

"ತಾತ, ಲೋಕಕ್ಕೆಲ್ಲಾ ಇರೋದೇ ಒಬ್ಬ ಸೂರ್ಯ ಅಲ್ವಾ?"

"ಅದು ಪಾಸಾದವರು ಹೇಳೋ ಮಾತು," ಅಂದ ತಾತ. "ನೀನು ಸುಮ್ಕಿರು."

೩. ಸುಸ್ತಾದವನು

ಬೆಟ್ಟ ಹತ್ತಿ ಸೂರ್ಯ ಹುಟ್ಟುವುದನ್ನ ತೆಗೆಯಬೇಕು ಅಂದರೆ ಮೂರು ಗಂಟೆಗೆ ಏಳಬೇಕು. ನಾನು ಹುಟ್ಟಿದಾಗಿನಿಂದ ಎಂಟಕ್ಕಿಂತ ಮುಂಚೆ ಎದ್ದವನಲ್ಲ. ಅದಕ್ಕೆ ಒಂದು ಐಡಿಯಾ ಮಾಡಿದೆ. ಸಂಜೆ ಹೊಸಕೆರೆಹಳ್ಳಿ ಕೆರೆ ಏರಿ ಮೇಲೆ ನಿಂತು, ಮುಳುಗುತ್ತಿದ್ದ ಸೂರ್ಯನನ್ನ ಫೋನಿನಲ್ಲಿ ಹಿಡಿದೆ. ದೋಸ್ತ್ ಅಪಾರ್ಟ್‌ಮೆಂಟುಗಳನ್ನ ಅಳಿಸಿ ಬೆಟ್ಟ ಕೂರಿಸಿಕೊಟ್ಟ. ಕೆಂಪು ಕೆಂಪಗೆ ಸೂಪರಾಗಿ ಬಂತು. ಮಾರನೇ ದಿನ ಬೆಳಿಗ್ಗೆ ತಲೆ ಕೆದರಿಕೊಂಡು, ಪ್ಯಾಂಟಿಗೆ ಮಣ್ಣು ಬಳಿದುಕೊಂಡು, ಏದುಸಿರು ಬಿಡುತ್ತಾ ತಾತನ ಮುಂದೆ ನಿಂತೆ.

ತಾತ ಒಂದು ಸಲ ನೋಡಿದ. "ಇದು ಸಂಜೆ."

"ಇಲ್ಲ ತಾತ, ದೇವರಾಣೆ ಬೆಳಿಗ್ಗೆ."

"ಸೂತಕದಲ್ಲಿ ದೇವರಾಣೆ ಇಕ್ಕಬ್ಯಾಡ. ಇದು ಸಂಜೆ."

"ಹೆಂಗೆ ಹೇಳ್ತೀಯಾ?"

"ಸುಸ್ತಾಗವ್ನೆ. ಈಗ ಎದ್ದವನ ಮುಖವೇನೋ ಇದು?"

ಬೈಗುಳಕ್ಕೆ ಕಾದು ನಿಂತೆ. ಬೈಗುಳ ಬರಲಿಲ್ಲ. ತಾತ ಜಗಲಿ ಮೇಲೆ ಕೂತು, ಅಜ್ಜಿಯ ಕೊಟ್ಟಿಗೆ ಇದ್ದ ಕಡೆ ನೋಡಿದ. ಈಗ ಅಲ್ಲಿ ಎರಡು ಬಾಡಿಗೆ ಮನೆ. ಹೋದ ಯುಗಾದಿಗೆ ಹಸು ಮಾರಿ ಕಟ್ಟಿಸಿದ್ದು. ಹಸು ಹೋದ ಮೇಲೂ ಅಜ್ಜಿ ನಾಲ್ಕು ಗಂಟೆಗೆ ಎದ್ದು, ಬಾಡಿಗೆಯವರ ಬಾಗಿಲ ಮುಂದೆ ಬಕೆಟ್ ಹಿಡಿದು ನಿಲ್ಲುತ್ತಿದ್ದಳು. ಆಮೇಲೆ ನೆನಪಾಗಿ ವಾಪಸ್ ಬರುತ್ತಿದ್ದಳು. ಒಂದು ದಿನ ವಾಪಸ್ ಬರಲಿಲ್ಲ. ಬಾಡಿಗೆ ಮನೆಯವರೇ ಕೂಗಿ ಕರೆದರು.

"ಮದುವೆ ಆದ ಹೊಸದರಲ್ಲಿ ಅವಳು ಒಂದೇ ಒಂದು ಕೇಳಿದ್ಲು," ಅಂದ ತಾತ. "ಬೆಟ್ಟದ ಮೇಲೆ ಹೋಗಿ ಸೂರ್ಯ ಹುಟ್ಟೋದು ನೋಡುವ, ಇಬ್ರೂ ಹೋಗುವ ಅಂತ. ದಿನಾ ಆ ಹೊತ್ತಿಗೆ ಅವಳು ಹಸು ಕೆಳಗೆ ಕೂತಿರೋಳು, ಸೂರ್ಯ ಹುಟ್ಟೋದು ಕಂಡೇ ಇಲ್ಲ ಅಂತಿದ್ಲು. ನಾನು, ಹಾಲು ಕರೆಯಕ್ಕೆ ನಿಮ್ಮಪ್ಪ ಬತ್ತಾನಾ ಅಂದ್ಬುಟ್ಟೆ."

"ಆಮೇಲೆ?"

"ಅವರಪ್ಪ ನಿಜವಾಗ್ಲೂ ಬಂದ. ಚೊಂಬು ಹಿಡ್ಕೊಂಡು ಬಾಗಿಲಲ್ಲಿ ನಿಂತ, ನಾ ಕರೀತೀನಿ ನೀವು ಹೋಗಿ ಬನ್ನಿ ಅಂತ. ಆಗ ನಾನು ಮಳೆ ಬತ್ತದೆ, ಬ್ಯಾಡ ಅಂದೆ."

"ಮಳೆ ಬಂತಾ?"

"ಎಲ್ಲಿ ಬಂತು. ಆ ವರ್ಷವೆಲ್ಲಾ ಬರಲಿಲ್ಲ."

೪. ದೇವರಿಲ್ಲದ ಬೆಟ್ಟ

ನೀನು ತೆಗೆದಿದ್ದನ್ನ ನಂಬೋಕಾಗಲ್ಲ, ನಾನೇ ಬತ್ತೀನಿ ಅಂತ ತಾತ ಹಟ ಹಿಡಿದ. ಅಪ್ಪ ಬೇಡ ಅಂದ, ಡಾಕ್ಟರ್ ಬೇಡ ಅಂದಿದ್ದಾರೆ ಅಂತ ಅಮ್ಮ ಅಂದಳು. ತಾತ ಕೋಲು ತೆಗೆದು ಬಾಗಿಲ ಹತ್ತಿರ ಇಟ್ಟುಕೊಂಡ. ಆದರೆ ಒಂದು ಷರತ್ತು: ಸೂತಕ ಮುಗಿಯುವ ತನಕ ದೇವರ ಮುಖ ನೋಡುವ ಹಾಗಿಲ್ಲ. ಹಾಗಾಗಿ ಗುಡಿ ಇರುವ ಬೆಟ್ಟ ಬೇಡ.

ಬೆಂಗಳೂರಿನ ಸುತ್ತ ಗುಡಿ ಇಲ್ಲದ ಬೆಟ್ಟ ಹುಡುಕಿ ನೋಡಿ ಒಂದು ಸಲ. ಒಂದರ ಮೇಲೆ ನರಸಿಂಹ, ಒಂದರ ಮೇಲೆ ರಂಗನಾಥ, ಒಂದರ ಮೇಲೆ ಆಂಜನೇಯ. ಸಣ್ಣ ದಿಣ್ಣೆ ಸಿಕ್ಕರೂ ಅಲ್ಲೊಬ್ಬ ಮುನೇಶ್ವರ. ನಮ್ಮ ದೇವರುಗಳಿಗೆ ಸೈಟು ಅಂದರೆ ಹೈಟಿನಲ್ಲೇ ಬೇಕು. ಫೋನಿನ ಮ್ಯಾಪ್ ನೋಡಿ, ಬೆಟ್ಟಗಳ ಬುಡದಲ್ಲಿ ಟೀ ಅಂಗಡಿ ಇಟ್ಟವರ ನಂಬರ್ ಹುಡುಕಿ ಒಬ್ಬೊಬ್ಬರಿಗೇ ಫೋನ್ ಮಾಡಿದೆ.

"ಅಣ್ಣ, ನಿಮ್ಮ ಬೆಟ್ಟದ ಮೇಲೆ ದೇವರು ಇದ್ದಾರಾ?"

"ಇದ್ದಾರೆ ಸಾರ್! ಬಹಳ ಪವರ್‌ಫುಲ್ಲು. ಶನಿವಾರ ಅಭಿಷೇಕ, ಪ್ರಸಾದ ಎಲ್ಲಾ ಐತೆ."

"ಹಾಗಾದ್ರೆ ಬೇಡ ಅಣ್ಣ. ದೇವರಿಲ್ಲದ್ದು ಬೇಕಿತ್ತು."

ಆ ಕಡೆಯವನು ದನಿ ತಗ್ಗಿಸಿದ. "ನೀವು ಯಾವ ಪಾರ್ಟಿಯವರು ಸಾರ್?"

ಆರನೆಯವನು ಮಾತ್ರ ಬೇಜಾರಿನ ದನಿಯಲ್ಲಿ ನಿಜ ಹೇಳಿದ. ಅವನ ಊರು ಕನಕಪುರ ರಸ್ತೆಯಿಂದ ತುಂಬಾ ಒಳಗೆ. "ನಮ್ಮ ಬೆಟ್ಟದಲ್ಲಿ ಏನೂ ಇಲ್ಲ ಸಾರ್. ದೇವರಿಲ್ಲ, ನೀರಿಲ್ಲ, ನೆಟ್‌ವರ್ಕ್ ಇಲ್ಲ. ಯಾರೂ ಬರಲ್ಲ. ನಾನೇ ಅಂಗಡಿ ಮುಚ್ಚೋಣ ಅಂತಿದೀನಿ."

"ಮುಚ್ಚಬೇಡಿ ಅಣ್ಣ, ಬರ್ತಿದೀವಿ," ಅಂದೆ. ಬೆಟ್ಟಕ್ಕೆ ಹೀಗೆ ಬೇಡಿಕೆ ಬಂದಿದ್ದು ಅವನಿಗೆ ಎಷ್ಟು ಖುಷಿ ಆಯಿತೆಂದರೆ, ಎರಡೆರಡು ಸಲ ಖಾತ್ರಿ ಕೊಟ್ಟ: "ದೇವರು ಇಲ್ದೇ ಇರೋದು ಗ್ಯಾರಂಟಿ ಸಾರ್, ನನ್ನದು ಜವಾಬ್ದಾರಿ."

೫. ಚಿರತೆ

ಒಂಬತ್ತನೇ ದಿನ ಬೆಳಗಿನ ಜಾವ ಹೊರಟೆವು. ದೋಸ್ತ್ ಅಂಗಡಿಯ ಲಗೇಜ್ ಆಟೋ ತಂದಿದ್ದ. ತಾತ ಮುಂದೆ ಅವನ ಪಕ್ಕ, ನಾನು ಹಿಂದೆ, ಯಾರದೋ ಬರ್ತ್‌ಡೇ ಫ್ಲೆಕ್ಸ್ ಸುರುಳಿ ತಬ್ಬಿಕೊಂಡು.

ಬೆಟ್ಟದ ದಾರಿ ಕಲ್ಲು, ಮುಳ್ಳು, ಕತ್ತಲು. ಫೋನಿನ ಲೈಟು ಹಿಡಿದುಕೊಂಡು ಹತ್ತಿದೆವು. ತಾತ ಇಪ್ಪತ್ತು ಹೆಜ್ಜೆಗೊಂದು ಸಲ ನಿಲ್ಲುತ್ತಿದ್ದ. ಅವನ ಉಸಿರಿನ ಶಬ್ದ ಬಿಟ್ಟರೆ ಬೇರೆ ಶಬ್ದವಿಲ್ಲ. ಆ ಶಬ್ದ ನನಗೆ ಹಿಡಿಸಲಿಲ್ಲ. ಆಸ್ಪತ್ರೆಯಲ್ಲಿ ಕೇಳುವಂಥ ಶಬ್ದ. ಸುಮ್ಮನಿದ್ದರೆ ಅದೇ ಕೇಳಿಸುತ್ತೆ ಅಂತ ನಾನು ಮಾತು ಶುರು ಮಾಡಿದೆ.

"ಮಗಾ, ಈ ಕಡೆ ಚಿರತೆ ಓಡಾಡುತ್ತೆ ಗೊತ್ತಲ್ಲ?"

"ಬ್ಯಾಡಲೇ," ಅಂದ ದೋಸ್ತ್. "ನಮ್ಮವ್ವಗ ನಾ ಒಬ್ಬವನ ಮಗ."

ಮುಂದೆ ಒಂದು ದೊಡ್ಡ ಬಂಡೆ ಕಂಡಿತು. ಲೈಟ್ ಆರಿಸಿ, ನಾನು ಮೊದಲು ಹೋಗಿ ಅದರ ಹಿಂದೆ ಅಡಗಿಕೊಂಡೆ. ಅವರು ಹತ್ತಿರ ಬಂದಾಗ ಗಂಟಲೊಳಗಿಂದ ಗುರ್ರ್ ಅಂದೆ. ದೋಸ್ತ್ "ಯವ್ವಾ!" ಅಂತ ಕೂಗಿ, ಓಡಿಹೋಗೋಕೆ ಜಾಗವಿಲ್ಲದೆ ತಾತನನ್ನೇ ತಬ್ಬಿಕೊಂಡ. ನನಗೆ ನಗು ತಡೆಯೋಕಾಗಲಿಲ್ಲ. ಅಷ್ಟರಲ್ಲಿ ತಾತನ ಕೋಲು ಬಂಡೆ ದಾಟಿ ಬಂದು ನನ್ನ ಬೆನ್ನಿಗೆ ಛಟ್ ಅಂತ ಬಿತ್ತು. ಇನ್ನೊಂದು ಬಿತ್ತು.

"ಅಯ್ಯೋ ತಾತ, ನಾನು ನಾನು!"

"ಗೊತ್ತು ಕಣೋ ನೀನೇ ಅಂತ."

"ಗೊತ್ತಿದ್ದೂ ಹೊಡೆದ್ಯಾ?"

"ಚಿರತೆಗೆ ಹೊಡೆದ್ರೆ ಫಾರೆಸ್ಟ್‌ನೋರು ಕೇಸ್ ಹಾಕ್ತಾರೆ," ಅಂದ ತಾತ, ಉಸಿರು ಹಿಡಿದು ಹಿಡಿದು. "ನಿಂಗೆ ಹೊಡೆದ್ರೆ ಯಾರು ಕೇಳ್ತಾರೆ?"

ನೋವಾಯಿತು, ಸುಳ್ಳು ಹೇಳಲ್ಲ. ಆದರೆ ಅಷ್ಟು ಜೋರಾಗಿ ಹೊಡೆಯೋಕೆ ಅವನಲ್ಲಿ ಶಕ್ತಿ ಇದೆಯಲ್ಲ ಅಂತ ಒಳಗೊಳಗೇ ಧೈರ್ಯ ಬಂತು.

೬. ಟವೆಲ್

ಮೇಲೆ ಹೋಗಿ ನೋಡಿದರೆ ನಮಗಿಂತ ಮುಂಚೆ ಏಳೆಂಟು ಜನ. ಆಫೀಸಿನವರು, ಹೊಸ ಶೂ, ಹಣೆಗೆ ಲೈಟು, ಕೈಯಲ್ಲಿ ಫೋನು. ಅದು ಹೋಗಲಿ. ಪೂರ್ವದ ಕಡೆ ಬಂಡೆಯ ಅಂಚಿನಲ್ಲಿ ಒಂದು ಕಲ್ಲು ನಿಂತಿತ್ತು. ಕಲ್ಲಿಗೆ ಕುಂಕುಮ, ಎರಡು ಬೆಳ್ಳಿ ಕಣ್ಣು, ಪಕ್ಕದಲ್ಲಿ ಒಂದು ಹೊಸ ಬಾವುಟ. ಬಣ್ಣ ಇನ್ನೂ ಕೈಗೆ ಅಂಟುವಷ್ಟು ಹೊಸದು. ಟೀ ಅಂಗಡಿಯವನ ತಪ್ಪಲ್ಲ, ಪಾಪ. ದೇವರು ಮೊನ್ನೆ ಮೊನ್ನೆ ಬಂದು ಸೇರಿಕೊಂಡಿದ್ದ.

ತಾತ ಕಂಡ ಕೂಡಲೇ ಬೆನ್ನು ತಿರುಗಿಸಿ ಪಶ್ಚಿಮಕ್ಕೆ ಮುಖ ಮಾಡಿ ಕೂತ. ನನ್ನ ಕಿವಿ ಹಿಡಿದು ನನ್ನನ್ನೂ ಹಾಗೇ ಕೂರಿಸಿದ. "ನಾವು ಅವನನ್ನ ನೋಡಿಲ್ಲ, ಅವನು ನಮ್ಮನ್ನ ನೋಡಿಲ್ಲ."

"ತಾತ, ಸೂರ್ಯ ಅವನ ಹಿಂದೇನೇ ಬರ್ತಾನೆ."

"ನಿನ್ನ ದೋಸ್ತ್‌ಗೆ ಸೂತಕ ಇಲ್ಲ. ಅವನು ತೆಗೀಲಿ."

ಹೀಗೆ ಅಜ್ಜ ಮೊಮ್ಮಗ ಸೂರ್ಯ ನೋಡೋಕೆ ಬೆಟ್ಟ ಹತ್ತಿ, ಸೂರ್ಯನಿಗೆ ಬೆನ್ನು ಹಾಕಿ ಕೂತೆವು. ಆಫೀಸಿನವರು ನಮ್ಮನ್ನೇ ನೋಡುತ್ತಿದ್ದರು. ನಮ್ಮ ಮುಂದಿನ ಬಂಡೆ ಕಪ್ಪಿನಿಂದ ಬೂದಿ ಆಯಿತು, ಬೂದಿಯಿಂದ ಕೆಂಪು. ನಮ್ಮಿಬ್ಬರ ನೆರಳು ನಿಧಾನವಾಗಿ ಬಂಡೆ ಮೇಲೆ ಉದ್ದವಾಗಿ ಬಂತು. ಹಿಂದಿನಿಂದ ಜನ "ವಾವ್" ಅಂತಿದ್ದರು. ತಾತ ಕೋಲನ್ನ ಎತ್ತಿ ಎತ್ತಿ ಇಡುತ್ತಿದ್ದ.

"ತಾತ, ಹೆಂಗೂ ಬಂದಿದೀವಿ..." ಅಂದೆ.

ತಾತ ಎದ್ದ. ಕಣ್ಣು ಮುಚ್ಚಿಕೊಂಡೇ, ಕೋಲು ತಡವರಿಸಿಕೊಂಡು ಆ ಕಲ್ಲಿನ ತನಕ ಹೋದ. ಹೆಗಲ ಮೇಲಿನ ಟವೆಲ್ ತೆಗೆದು ಕಲ್ಲಿನ ಮೇಲೆ ಹಾಕಿದ, ಗಿಳಿಯ ಪಂಜರ ಮುಚ್ಚುವ ಹಾಗೆ. "ಎರಡು ನಿಮಿಷ ನೋಡಬ್ಯಾಡಪ್ಪ ನನ್ನ. ಕೆಲಸ ಐತೆ," ಅಂತ ದೇವರಿಗೆ ಹೇಳಿ ಕಣ್ಣು ಬಿಟ್ಟ.

ದೋಸ್ತ್ ಹಿಂದಿನಿಂದ ಕೂಗಿದ, "ಅಜ್ಜಾರ, ಸ್ವಲ್ಪ ಬಾಜೂಕ ಸರೀರಿ, ಫೋಟೋದಾಗ ಬರಾಕತ್ತೀರಿ!" ತಾತ ಸರಿಯಲಿಲ್ಲ. ಸೂರ್ಯ ಪೂರ್ತಿ ಮೇಲೆ ಬಂದಾಗ ಆಫೀಸಿನವರು ಚಪ್ಪಾಳೆ ತಟ್ಟಿದರು. ಆಗ ತಾತ ನಮ್ಮ ಕಡೆ ತಿರುಗಿದ. ಮುಖ ಒದ್ದೆಯಾಗಿತ್ತು.

"ಚಪ್ಪಾಳೆ ಯಾಕೆ?"

"ಸೂರ್ಯ ಹುಟ್ಟಿದನಲ್ರೀ," ಅಂದ ದೋಸ್ತ್.

"ಇಷ್ಟು ಹೊತ್ತಿಗೆ ಅವಳು ನಾಕು ಹಸು ಕರೆದು, ಹಾಲು ಹಾಕಿ, ಸಗಣಿ ಬಾಚಿ ಮುಗಿಸಿರೋಳು. ಅವಳಿಗೆ ಯಾರು ತಟ್ಟಿದ್ರು?"

ಗುಂಪಿನಲ್ಲಿದ್ದ ಒಬ್ಬ ಅಕ್ಕ, ಕನ್ನಡ ಬರುವವರಿರಬೇಕು, ಮೆಲ್ಲಗೆ ಎರಡು ಸಲ ತಟ್ಟಿದರು. ತಾತ ಅವರ ಮೇಲೆ ತಿರುಗಿಬಿದ್ದ.

"ಈಗ ತಟ್ಟಿದ್ರೆ ಏನಮ್ಮ ಬಂತು? ಬದುಕಿದ್ದಾಗ ಮನೆ ತಾವ ಬಂದು ತಟ್ಟಬೇಕಿತ್ತು."

೭. ಜೋಡಿ

ಸೂರ್ಯ ಚೆನ್ನಾಗಿ ಬಂದಿದ್ದು ಒಂದೇ ಫೋಟೋದಲ್ಲಿ. ಅದರಲ್ಲಿ ತಾತನೂ ಇದ್ದ, ಸರಿಯಾಗಿ ಮಧ್ಯದಲ್ಲಿ, ನಮ್ಮ ಕಡೆ ತಿರುಗಿದ ಗಳಿಗೆ. ಮಿಕ್ಕಿದ್ದರಲ್ಲೆಲ್ಲ ಸೂರ್ಯ ಬಿಳಿ ಬಲ್ಬು ಆಗಿದ್ದ. ಪರವಾಗಿಲ್ಲ, ಕಂಪ್ಯೂಟರಿನಲ್ಲಿ ಅಜ್ಜಾರನ್ನ ತೆಗೆದು ಅಜ್ಜಿಯನ್ನ ಕೂರಿಸ್ತೀನಿ ಅಂದಿದ್ದ ದೋಸ್ತ್. ಆದರೆ ಬೆಟ್ಟ ಇಳಿದ ಮೇಲೆ ಅವನ ಕಾಲು ಎರಡೂ ಕಂಬದ ಹಾಗಾದವು. ಮಾರನೇ ದಿನ ರೂಮಿನಿಂದ ಏಳಲೇ ಇಲ್ಲ. ಮಲಗಿದಲ್ಲಿಂದಲೇ ಅಂಗಡಿಯ ಇನ್ನೊಬ್ಬ ಡಿಸೈನರ್‌ಗೆ ಬೆಟ್ಟದ ಫೋಟೋ, ಆಧಾರ್ ಫೋಟೋ ಎರಡೂ ಕಳಿಸಿ, "ಶ್ರದ್ಧಾಂಜಲಿ, ಹತ್ತಡಿ, ನಾಳೆ ಬೆಳಿಗ್ಗೆ ಹೊಸಕೆರೆಹಳ್ಳಿ ಕ್ರಾಸು" ಅಂತ ಬರೆದು ನಿದ್ದೆ ಹೋದ. ಯಾರನ್ನ ತೆಗೆಯಬೇಕು ಅಂತ ಬರೆಯಲಿಲ್ಲ.

ಆ ಡಿಸೈನರ್ ನಮ್ಮ ಮನೆಯವರ ಮುಖ ನೋಡಿದವನಲ್ಲ. ಎರಡು ಫೋಟೋ ಬಂದಿದೆ, ಇಬ್ಬರು ಹೋಗಿದ್ದಾರೆ ಅಂದುಕೊಂಡ. ಮನಸ್ಸಿಟ್ಟು ಕೆಲಸ ಮಾಡಿದ್ದ, ಅದು ಹೇಳಲೇಬೇಕು.

ಹನ್ನೊಂದನೇ ದಿನ ಬೆಳಿಗ್ಗೆ ಮನೆ ಮುಂದೆ ಶಾಮಿಯಾನ. ತಾತ ಮೊದಲನೇ ಸಾಲಿನ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದ. ಸುಬ್ರಹ್ಮಣ್ಯಪುರದಿಂದ ತಾತನ ತಂಗಿ ಆಟೋದಲ್ಲಿ ಬಂದಳು. ಕ್ರಾಸಿನಿಂದಲೇ ಎದೆ ಬಡಿದುಕೊಳ್ಳುತ್ತಾ ಬಂದಳು. "ಅಯ್ಯೋ ನನ್ನಣ್ಣಾ! ಅತ್ತಿಗೆ ಹಿಂದೇನೇ ಹೋಗ್ಬುಟ್ಯಾ! ನಂಗೊಂದು ಮಾತು ಹೇಳ್ಲಿಲ್ವಲ್ಲೋ!" ಕೈಯಲ್ಲಿ ಎರಡು ಹಾರ ಇತ್ತು, ದಾರಿಯಲ್ಲಿ ಇನ್ನೊಂದು ಕೊಂಡುಕೊಂಡಿದ್ದಳು. ಅಳುತ್ತಾ ಬಂದು, ತಾತನ ಪಕ್ಕದ ಖಾಲಿ ಕುರ್ಚಿಯಲ್ಲೇ ಕೂತು, ಅವನ ಹೆಗಲಿಗೇ ತಲೆ ಇಟ್ಟು ಅತ್ತಳು. "ಯಾವಾಗ ಹೋದ ನಮ್ಮಣ್ಣ?"

ತಾತ ಕಾಫಿ ಲೋಟ ಕೆಳಗಿಟ್ಟ. "ನಂಗೂ ಯಾರೂ ಹೇಳ್ಲಿಲ್ಲ ಕಣಮ್ಮಿ," ಅಂದ.

ಅವಳು ತಲೆ ಎತ್ತಿ ನೋಡಿ ಕಿರುಚಿದ್ದಕ್ಕೆ ಬಾಡಿಗೆ ಮನೆಯವರೆಲ್ಲ ಹೊರಗೆ ಬಂದರು. ಅಡುಗೆಯವನು ಸೌಟು ಬಿಟ್ಟ.

ನಾನು ಕ್ರಾಸಿಗೆ ಓಡಿದೆ. ಹಿಂದೆಯೇ ಕೋಲೂರಿಕೊಂಡು ತಾತ ಬಂದ. ಹತ್ತಡಿ ಫ್ಲೆಕ್ಸ್. ನಮ್ಮ ಬೆಟ್ಟ, ನಮ್ಮ ಸೂರ್ಯ, ಕೆಂಪಗೆ ಆಗ ತಾನೇ ಎದ್ದವನು. ಒಂದು ಕಡೆ ತಾತ, ಕತ್ತಲಿದ್ದ ಮುಖಕ್ಕೆ ಬೆಳಕು ಹಚ್ಚಿ ಹತ್ತು ವರ್ಷ ಚಿಕ್ಕವನು ಮಾಡಿದ್ದ. ಇನ್ನೊಂದು ಕಡೆ ಅಜ್ಜಿ, ಅದೇ ಹಸು ಕಳ್ಳನನ್ನ ನೋಡುವ ನೋಟ, ಅದು ಈಗ ನೇರವಾಗಿ ಕೆಳಗೆ ನಿಂತ ತಾತನ ಮೇಲೆ. ಕೆಳಗೆ ದೊಡ್ಡದಾಗಿ: ಅಗಲಿದ ದಂಪತಿಗೆ ಭಾವಪೂರ್ಣ ಶ್ರದ್ಧಾಂಜಲಿ.

ಎಷ್ಟೋ ಜನಕ್ಕೆ ಚೇಷ್ಟೆ ಮಾಡಿದ್ದೀನಿ, ಇದೊಂದು ನಾನು ಮಾಡಿದ್ದಲ್ಲ ಅಂದರೆ ಯಾರು ನಂಬುತ್ತಾರೆ? "ತಾತ, ಈಗಲೇ ಇಳಿಸ್ತೀನಿ. ನಿನ್ನಾಣೆ ನನಗೆ ಗೊತ್ತಿಲ್ಲ," ಅಂತ ಹಗ್ಗಕ್ಕೆ ಕೈ ಹಾಕಿದೆ.

"ಬಿಡೋ," ಅಂದ ತಾತ. ಕನ್ನಡಕ ಒರೆಸಿಕೊಂಡು ಮೇಲಿಂದ ಕೆಳಗಿನವರೆಗೂ ನೋಡಿದ. "ಅವಳು ಕೇಳಿದ್ದು ಇಬ್ರೂ ಹೋಗುವ ಅಂತಲೇಯ."

ಹಾಲಿನ ಗಾಡಿಯೊಂದು ಹಾರ್ನ್ ಹೊಡೆದು ಪಕ್ಕದಿಂದ ಹೋಯಿತು. ಆಮೇಲೆ ತಾತ ಕೋಲಿನಿಂದ ನನ್ನ ಕಾಲು ತಿವಿದ.

"ಸಂಜೆ ಇಳಿಸಿ, ಹರಿಯದಂಗೆ ಸುತ್ತಿ ಮಡಗು. ನನ್ನ ಸರದಿ ಬಂದಾಗ ಮತ್ತೆ ಬೆಟ್ಟ ಹತ್ತಬ್ಯಾಡಿ. ನಿನ್ನ ದೋಸ್ತ್‌ಗೆ ಆಗಲ್ಲ."